ಮರದ ಪಕ್ಕದ ಒಂಬತ್ತು ಅಡಿ

ಜನವರಿ ೯

ಅಪ್ಪನವರಿಗೆ,

ನಾನು ಚೆನ್ನಾಗಿದ್ದೇನೆ. ಮಂಡಿನೋವೊಂದನ್ನು ಬಿಟ್ಟರೆ ನೀವೂ ಚೆನ್ನಾಗಿದ್ದೀರೆಂದು ಅಕ್ಕ ಹೇಳಿದಳು. ಅಲ್ಲಿಗೆ ಕ್ಷೇಮಸಮಾಚಾರ ಮುಗಿಯಿತು. ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ. ಇದನ್ನು ಅರ್ಧಕ್ಕೆ ಮಡಚಿಡಲು ನಿಮ್ಮ ಕುತೂಹಲ ಬಿಡುವುದಿಲ್ಲವೆಂದು ನನಗೆ ಗೊತ್ತು.

ನಾನು ಅ ಆ ಕಲಿತ ಶಾಲೆಯವರು ಕರೆಸಿದ್ದರು. ಆಟದ ಅಂಗಳದ ಅಂಚಿಗೆ ನೀವು ಕಟ್ಟಿದ ಗೋಡೆ ಇದೆಯಲ್ಲ, ಅದು ಈಗ ನನ್ನ ಸೊಂಟದೆತ್ತರ. ಆಚೆಗೆ ಎರಡಾಳು ಆಳದಲ್ಲಿ ರಸ್ತೆ, ಲಾರಿಗಳು ಎಡೆಬಿಡದೆ ಓಡುತ್ತವೆ. ಹೋದ ತಿಂಗಳು ಐದು ವರ್ಷದ ಹುಡುಗಿಯೊಬ್ಬಳು ಗೋಡೆ ಹತ್ತಿ ಆಚೆಗೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳಂತೆ. ದೊಡ್ಡ ಟೀಚರ್ ಓಡಿಹೋಗಿ ಫ್ರಾಕು ಹಿಡಿದು ಎಳೆದರು. ಅಂದಿನಿಂದ ಅಂಗಳಕ್ಕೆ ಬೀಗ, ಆಟದ ಹೊತ್ತಿನಲ್ಲೂ ಮಕ್ಕಳು ಬೆಂಚಿನ ಮೇಲೇ ಕೂತಿರುತ್ತವೆ. ಗೋಡೆಗೆ ಬೇಲಿ ಎಬ್ಬಿಸುವ ಕೆಲಸ ನನಗೆ ಬಂದಿದೆ. ಸ್ವಂತ ಶೆಡ್ ಹಾಕಿದ ಮೇಲೆ ಇದೇ ಮೊದಲ ದೊಡ್ಡ ಕೆಲಸ.

ಕಂಬಕ್ಕೆ ಗುಂಡಿ ತೋಡುವ ಹಾಗಿಲ್ಲ. ಒಳಗೆ ಗೋಡೆಗೆ ಅಂಟಿಕೊಂಡೇ ಚರಂಡಿ ಇದೆ, ಹೊರಗೆ ಜಾಗವೇ ಇಲ್ಲ. ಹಾಗಾಗಿ ಇಪ್ಪತ್ತೊಂದು ಕಂಬಗಳನ್ನೂ ಗೋಡೆಯ ಒಳಮುಖಕ್ಕೆ ಬೋಲ್ಟ್ ಹಾಕಿಯೇ ನಿಲ್ಲಿಸಬೇಕು. ಗೋಡೆಯ ನೆತ್ತಿಯ ಮೇಲೆ ಕೂರಿಸಿದರೆ ಮೇಲಿನ ಸಾಲಿನ ಇಟ್ಟಿಗೆ ಕಿತ್ತುಕೊಂಡು ಬರುತ್ತದೆ ಎಂಬುದನ್ನು ನಿಮ್ಮಿಂದಲೇ ಕಲಿತಿದ್ದೇನೆ. ಬೋಲ್ಟ್ ಇಟ್ಟಿಗೆಯ ನಟ್ಟನಡುವೆ ಹೋಗಬೇಕು, ಸಂದಿಗೆ ಬಿದ್ದರೆ ಹಿಡಿತವಿಲ್ಲ. ಆದರೆ ಮೇಲೆ ಪ್ಲಾಸ್ಟರ್ ಇದೆ. ಇಟ್ಟಿಗೆ ಎಲ್ಲಿ, ಸಂದು ಎಲ್ಲಿ ಎನ್ನುವುದು ಕಟ್ಟಿದವರಿಗೆ ಮಾತ್ರ ಗೊತ್ತು.

ಮೂರು ವರ್ಷದ ಹಿಂದೆ, ಕರಣೆ ಬಿಟ್ಟು ಕಬ್ಬಿಣ ಯಾಕೆ ಎಂದು ಕೇಳಿದಿರಿ, ನಾನು ಉತ್ತರ ಕೊಟ್ಟೆ, ನೀವು ಊಟ ಬಿಟ್ಟು ಎದ್ದಿರಿ. ಆ ಜಗಳ ಹಾಗೇ ಇರಲಿ, ನನಗೇನೂ ಅವಸರವಿಲ್ಲ. ಅಳತೆಯನ್ನಷ್ಟೇ ಬರೆದು ಕಳಿಸಿ.

ಇಂತಿ,
ನಿಮ್ಮ ಕಿರಿಮಗಳು

ಜನವರಿ ೨೧

ಕಿರಿಮಗಳಿಗೆ,

ಕಾಗದ ತಲುಪಿತು. ಪೂರ್ತಿ ಓದಿದೆ. ಬೀಗಬೇಡ, ನನಗೆ ಬೇರೆ ಕೆಲಸವಿರಲಿಲ್ಲ.

ಯಾವಾಗಿನಿಂದ ನಾನು ನಿನಗೆ 'ನೀವು' ಆದೆ? ಮಾತು ಬಂದಾಗಿನಿಂದ ಅಪ್ಪಾ ಬಾ, ಅಪ್ಪಾ ಕೊಡು ಎಂದು ಏಕವಚನದಲ್ಲೇ ನನ್ನನ್ನು ಆಳಿದವಳು ನೀನು. ಕಾಗದ ಓದುತ್ತಿದ್ದರೆ ಬ್ಯಾಂಕಿನವರು ಬರೆದ ಹಾಗಿತ್ತು.

ಅಳತೆ ಕೊಡುವುದಿಲ್ಲ. ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿದರೆ ಇಟ್ಟಿಗೆಯನ್ನು ಸೀಳುತ್ತದೆ. ನಲವತ್ತು ವರ್ಷದಲ್ಲಿ ನಾನು ಕಂಡ ಬಿರುಕುಗಳಲ್ಲಿ ಅರ್ಧಕ್ಕರ್ಧ ಯಾವನೋ ಹೊಡೆದುಹೋದ ಕಬ್ಬಿಣದ್ದು. ಗೋಡೆ ಕಟ್ಟುವುದನ್ನು ಕಲಿಸಿದೆ, ನೀನು ಹೋಗಿ ಗೋಡೆ ಒಡೆಯುವವರ ಪಕ್ಷ ಸೇರಿಕೊಂಡೆ. ಅಂದು ನೀನು ಕೊಟ್ಟ ಉತ್ತರ ಒಂದಕ್ಷರ ಬಿಡದೆ ನೆನಪಿದೆ ನನಗೆ.

ಬೇಲಿ ಬೇಕಿದ್ದರೆ ಚರಂಡಿಯನ್ನು ಬೇರೆ ಕಡೆಗೆ ತಿರುಗಿಸಿಕೊಳ್ಳಲಿ. ನನ್ನ ಗೋಡೆಯನ್ನು ಅದರ ಪಾಡಿಗೆ ಬಿಡು.

ಗೋಡೆ ಕಟ್ಟಿದವನು

ಫೆಬ್ರವರಿ ೨

ಅಪ್ಪನವರಿಗೆ,

'ನೀವು' ಎನ್ನುವುದನ್ನು ಬಿಡುವುದಿಲ್ಲ. ಜಗಳವಾಡುವುದಾದರೆ ಮರ್ಯಾದೆ ಕೊಟ್ಟೇ ಜಗಳವಾಡುವುದೆಂದು ತೀರ್ಮಾನಿಸಿದ್ದೇನೆ.

ನೀವು ಹೇಳದಿದ್ದರೆ ಗೋಡೆಯೇ ಹೇಳಲಿ ಎಂದು ಗೇಟಿನ ಪಕ್ಕ ಊಟದ ತಟ್ಟೆಯಷ್ಟಗಲ ಪ್ಲಾಸ್ಟರ್ ಕೆರೆದೆ. ಮೂರು ಸಾಲು ಇಟ್ಟಿಗೆ, ನಡುವೆ ಎರಡು ಸಂದು ಕಂಡವು. ಎರಡೂ ಕಿರುಬೆರಳಿನ ಉಗುರಿನಗಲ, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಮುಚ್ಚಿಹೋಗುವ ಸಂದನ್ನು ಯಾರಪ್ಪ ಇಷ್ಟು ಒಪ್ಪವಾಗಿ ತೀಡುತ್ತಾರೆ? ನನಗೆ ಅಳು ಬಂತು. ಚರಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಅತ್ತೆ, ಆಮೇಲೆ ಮೂಗು ಒರೆಸಿಕೊಂಡು ಕೆಲಸ ನೋಡಿದೆ.

ಇನ್ನೊಂದು ವಿಷಯ. ಶಾಲೆಯ ಕಮಿಟಿಯವರು ಒಬ್ಬ ಇಂಜಿನಿಯರನ್ನು ಕರೆತಂದರು. ಅವರು ಗೋಡೆಯನ್ನು ಪೆನ್ನಿನಿಂದ ನಾಲ್ಕು ಸಲ ತಟ್ಟಿ, ಹಳೇ ಗೋಡೆ, ಒಳಗೇನಿದೆಯೋ ಯಾರಿಗೆ ಗೊತ್ತು, ಪೂರ್ತಿ ಕೆಡವಿ ಕಾಂಕ್ರೀಟ್ ಹಾಕುವುದೇ ವಾಸಿ ಎಂದರು. ಅದಕ್ಕೆ ಒಂದು ವರ್ಷ ಬೇಕು. ಒಂದು ವರ್ಷ ಅಂಗಳಕ್ಕೆ ಬೀಗ. ಈ ಗೋಡೆ ಹಿಡಿಯುತ್ತದೆ ಎಂದು ನಾನು ಪಟ್ಟು ಹಿಡಿದೆ. ಅಷ್ಟು ಖಾತ್ರಿಯಾಗಿ ಹೇಗೆ ಹೇಳುತ್ತೀಯಮ್ಮ ಎಂದು ಕೇಳಿದರು.

"ಕಟ್ಟಿದ್ದು ನಮ್ಮಪ್ಪ" ಅಂದೆ.

ಅವರು ನಕ್ಕುಬಿಟ್ಟರು. ಕೊನೆಗೆ ದೊಡ್ಡ ಟೀಚರ್ ಮಧ್ಯೆ ಬಂದು ಒಂದು ಒಪ್ಪಂದ ಮಾಡಿಸಿದರು. ಕಂಬಗಳು ನಿಂತ ಮೇಲೆ ಇಂಜಿನಿಯರು ತಮಗಿಷ್ಟ ಬಂದ ಕಂಬವೊಂದನ್ನು ಆರಿಸಿ ಚೈನ್ ಪುಲ್ಲಿಯಿಂದ ಎಳೆಸುತ್ತಾರೆ. ಗೋಡೆ ತಡೆದರೆ ಉಳಿಯಿತು. ಬಿರುಕು ಬಿಟ್ಟರೆ ನಿಮ್ಮ ಗೋಡೆಯೂ ಹೋಯಿತು, ನನ್ನ ಕೆಲಸವೂ ಹೋಯಿತು.

ಈಗ ಹೇಳಿ, ಗೋಡೆ ಒಡೆಯುವವರ ಪಕ್ಷದಲ್ಲಿರುವುದು ನಾನೋ ಅವರೋ?

ಇಂತಿ,
ನಿಮ್ಮ ಕಿರಿಮಗಳು

ಫೆಬ್ರವರಿ ೧೦

ಮರಿಮೇಸ್ತ್ರಿಗೆ,

ಪೆನ್ನಿನಿಂದ ತಟ್ಟಿದನೇ? ಎರಡು ದಿನದಿಂದ ನನ್ನ ತಲೆಯಲ್ಲಿ ಅದೇ ಕುಟ್ಟುತ್ತಿದೆ. ಅನ್ನ ತಿನ್ನುವಾಗಲೂ ಗೊಣಗುತ್ತೀಯಲ್ಲ ಎಂದು ನಿನ್ನ ಅಕ್ಕ ಬೈದಳು.

ಭಾವನ ಕೈಯಲ್ಲಿ ಒಂದು ಕೋಲು ಕಳಿಸುತ್ತಿದ್ದೇನೆ. ಆ ಗೋಡೆ ಕಟ್ಟುವಾಗ ಮಾಡಿಕೊಂಡ ಅಳತೆಕೋಲು. ಆಗ ತರಿಸಿದ ಗೂಡಿನ ಇಟ್ಟಿಗೆ ಮಾಮೂಲಿಗಿಂತ ತುಸು ಉದ್ದ, ನಿನ್ನ ಟೇಪಿನ ಲೆಕ್ಕ ಹತ್ತು ಹೆಜ್ಜೆಗೇ ತಪ್ಪುತ್ತದೆ. ಕೋಲಿನ ಮೇಲಿನ ಒಂದೊಂದು ಗೀರೂ ಒಂದೊಂದು ಸಂದು. ಗೇಟಿನ ಕಡೆಯಿಂದ ಹಿಡಿ. ಮೇಲಿನಿಂದ ಮೊದಲ ಸಾಲು ಇಡೀ ಇಟ್ಟಿಗೆಯಿಂದ ಶುರು, ಎರಡನೆಯದು ಅರ್ಧ ಇಟ್ಟಿಗೆಯಿಂದ, ಹೀಗೇ ಕೆಳಗಿನವರೆಗೆ. ಮೇಲಿನ ಮೂರು ಸಾಲು ಬಿಟ್ಟು ಕೊರೆ.

ತೂತು ಕೊರೆದ ಮೇಲೆ ಊದು, ಬ್ರಷ್ ಹಾಕು, ಮತ್ತೆ ಊದು. ಪುಡಿ ಉಳಿದರೆ ನೀವು ಕಬ್ಬಿಣದವರು ಬೋಲ್ಟಿಗೆ ಹಾಕುವ ಅಂಟು ಪುಡಿಯನ್ನು ಹಿಡಿಯುತ್ತದೆಯೇ ಹೊರತು ಗೋಡೆಯನ್ನಲ್ಲ. ಇದನ್ನೆಲ್ಲ ಭಾವನ ಫೋನಿನಲ್ಲಿ ನೋಡಿದೆ. ನಿಮ್ಮ ಕಸುಬಿನಲ್ಲಿ ತಪ್ಪು ಹುಡುಕಲು ನೋಡಿದ್ದು, ಬೇರೆ ಅರ್ಥ ಮಾಡಿಕೊಳ್ಳಬೇಡ.

ಅಂಗಳದ ಮರದ ಪಕ್ಕದ ಒಂಬತ್ತು ಅಡಿಯಲ್ಲಿ ಮಾತ್ರ ಕಂಬ ಬೇಡ. ಆಚೆಗೊಂದು ಈಚೆಗೊಂದು ಹಾಕಿ ನಡುವೆ ಉದ್ದದ ಪೈಪು ಎಳೆ. ಯಾಕೆ ಎಂದು ಕೇಳಬೇಡ.

ಅಪ್ಪ

ಫೆಬ್ರವರಿ ೧೭

ಅಪ್ಪನವರಿಗೆ,

ಕೋಲು ಬಂತು. ಭಾವ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ತಂದರಂತೆ, ನೀವು ಅಷ್ಟು ಹೆದರಿಸಿ ಕಳಿಸಿದ್ದಿರಿ. ಹನ್ನೆರಡು ಕಂಬಕ್ಕೆ ತೂತು ಕೊರೆದೆ. ಒಂದೂ ಸಂದಿಗೆ ಬೀಳಲಿಲ್ಲ. ಊದಲು ಸೈಕಲ್ ಪಂಪು ಇಟ್ಟುಕೊಂಡಿದ್ದೇನೆ. ಕೆಂಪು ಪುಡಿಯೆಲ್ಲ ನನ್ನ ಮುಖಕ್ಕೇ ಹಾರಿ, ದೊಡ್ಡ ಟೀಚರ್ ನನ್ನನ್ನು ನೋಡಿ ಒಂದು ಕ್ಷಣ ಗುರುತೇ ಹಿಡಿಯಲಿಲ್ಲ.

ಆದರೆ ಮರದ ಪಕ್ಕದ ಜಾಗ ಬಿಡಲು ಆಗುವುದಿಲ್ಲ. ಆ ಹುಡುಗಿ ಹತ್ತಿದ್ದೇ ಅಲ್ಲಿ. ಬೇರು ಚರಂಡಿಯ ಕಲ್ಲನ್ನು ಎತ್ತಿ ಮೆಟ್ಟಿಲಿನ ಹಾಗೆ ಮಾಡಿದೆ, ಮಕ್ಕಳು ಹತ್ತುವುದಾದರೆ ಮತ್ತೆ ಅಲ್ಲೇ ಹತ್ತುತ್ತವೆ. ಅಲ್ಲಿ ಎರಡು ಕಂಬ ಬರಲೇಬೇಕು. ನಡುವೆ ಕಂಬವಿಲ್ಲದ ಅಷ್ಟುದ್ದದ ಪೈಪು ದೊಡ್ಡವರು ಒರಗಿದರೂ ಬಾಗುತ್ತದೆ.

ಕೇಳಬೇಡ ಎಂದಿದ್ದೀರಿ. ಕೇಳುತ್ತಿದ್ದೇನೆ. ಯಾಕೆ?

ಇಂತಿ,
ನಿಮ್ಮ ಕಿರಿಮಗಳು

ಫೆಬ್ರವರಿ ೨೮

ಅಪ್ಪನವರಿಗೆ,

ಹನ್ನೊಂದು ದಿನ ಕಾದೆ. ನಿಮ್ಮಿಂದ ಒಂದು ಸಾಲೂ ಬರಲಿಲ್ಲ. ಉಳಿದ ಕಂಬಗಳೆಲ್ಲ ನಿಂತವು. ಇಂದು ಬೆಳಿಗ್ಗೆ ಮರದ ಪಕ್ಕಕ್ಕೆ ಡ್ರಿಲ್ ಇಟ್ಟೆ.

ಮೊದಲು ನಾಲ್ಕು ಬೆರಳಿನಷ್ಟು ಸರಿಯಾಗಿಯೇ ಹೋಯಿತು, ಪುಡಿ ಕೆಂಪಗೆ ಬೆಚ್ಚಗೆ ಬಂತು. ಆಮೇಲೆ ಡ್ರಿಲ್ ಒಮ್ಮೆಲೇ ಜಾರಿ ಹಿಡಿಯ ತನಕ ಒಳಗೆ ಹೋಯಿತು. ನಾನು ಗೋಡೆಗೆ ಹಣೆ ಬಡಿದುಕೊಂಡೆ. ಹೊರಗೆಳೆದರೆ ಮೊನೆಗೆ ಮಣ್ಣು ಮೆತ್ತಿಕೊಂಡಿತ್ತು. ಗಾರೆಯಲ್ಲ, ಇಟ್ಟಿಗೆಯಲ್ಲ, ತಣ್ಣಗಿನ ಬೂದು ಮಣ್ಣು. ಮೂರಡಿ ಬಿಟ್ಟು ಇನ್ನೊಂದು ತೂತು ಕೊರೆದೆ. ಅಲ್ಲೂ ಅದೇ.

ಯಾರೂ ನೋಡಲಿಲ್ಲ. ತೂತಿಗೆ ಹೆಬ್ಬೆರಳು ಒತ್ತಿಕೊಂಡು ಎಷ್ಟೋ ಹೊತ್ತು ನಿಂತಿದ್ದೆ. ಕಟ್ಟಿದ್ದು ನಮ್ಮಪ್ಪ ಎಂದು ಆ ಜನರ ಮುಂದೆ ಎದೆ ತಟ್ಟಿಕೊಂಡಿದ್ದೇನೆ. ಮುಂದಿನ ವಾರ ಇಂಜಿನಿಯರು ಬರುತ್ತಾರೆ. ಅಲ್ಲಿಯವರೆಗೆ ನಾನು ಯಾರಿಗೂ ಹೇಳುವುದಿಲ್ಲ, ನಿಮ್ಮಿಂದ ಕೇಳಿದ ಮೇಲೆಯೇ ಏನಿದ್ದರೂ.

ಕಿರಿಮಗಳು

ಮಾರ್ಚ್ ೪

ಮಗಳೇ,

ಅದು ಮಣ್ಣೇ. ತುಂಬಿದವನು ನಾನೇ.

ಇಪ್ಪತ್ತನಾಲ್ಕು ವರ್ಷದ ಹಿಂದಿನ ಮಾತು. ಸೋಮವಾರ ಶಾಲೆ ಶುರುವಾಗಬೇಕು, ಶನಿವಾರ ಇಟ್ಟಿಗೆ ಮುಗಿಯಿತು. ಗುತ್ತಿಗೆದಾರ ಒಂದು ಲೋಡನ್ನು ಇನ್ನೊಂದು ಕೆಲಸಕ್ಕೆ ಸಾಗಿಸಿಬಿಟ್ಟಿದ್ದ. ಉಳಿದದ್ದು ಮರದ ಪಕ್ಕದ ಒಂಬತ್ತು ಅಡಿ. ಒಂದೂವರೆ ಇಟ್ಟಿಗೆ ದಪ್ಪದ ಗೋಡೆ ಅದು. ಒಳಗೊಂದು ಪದರ ಹೊರಗೊಂದು ಪದರ ಇಟ್ಟಿಗೆ ಕಟ್ಟಿ ಹೊಟ್ಟೆಗೆ ಮಣ್ಣು ತುಂಬು ಅಂದ. ನಾನು ಆಗೋದಿಲ್ಲ ಅಂದೆ. ಅವನು ನಕ್ಕು, "ಪ್ಲಾಸ್ಟರ್ ಬಿದ್ಮೇಲೆ ಒಳಗೇನಿದೆ ಅಂತ ಯಾರಿಗೆ ಗೊತ್ತಾಗುತ್ತೆ ಮೇಸ್ತ್ರಿ?" ಅಂದ. ನನಗೆ ಆ ಕೆಲಸ ಬಿಡುವ ಧೈರ್ಯವಿರಲಿಲ್ಲ. ತುಂಬಿದೆ.

ನೀನೂ ಅಲ್ಲೇ ಇದ್ದೆ. ಐದು ವರ್ಷ ನಿನಗೆ. ತೂಗುಗುಂಡಿನ ದಾರ ಹಿಡಿದು ನಿಂತಿದ್ದೆ. "ಅಪ್ಪಾ, ಮಣ್ಣು ಯಾಕೆ ಹಾಕ್ತಿದೀಯ?" ಅಂತ ಕೇಳಿದೆ. ಇದೂ ಒಂದು ಥರದ ಗಾರೆ ಕಣೇ ಅಂದೆ. ನೀನು ನಂಬಿದೆ. ನಿನಗೆ ನಾನು ಕಲಿಸಿದ ಮೊದಲ ಪಾಠ ಅದು.

ಮೂರು ವರ್ಷದ ಹಿಂದೆ ಕಬ್ಬಿಣ ಯಾಕೆ ಎಂದು ಕೇಳಿದಾಗ ನೀನೇನಂದೆ, ನೆನಪಿದೆಯೇ? "ಪ್ಲಾಸ್ಟರ್ ಬಿದ್ಮೇಲೆ ಒಳಗೇನಿದೆ ಅಂತ ಯಾರಿಗೆ ಗೊತ್ತಾಗುತ್ತೆ? ಬೆಸುಗೆ ಆದ್ರೆ ಕಣ್ಣಿಗೆ ಕಾಣುತ್ತೆ" ಅಂದೆ. ಅವನ ಮಾತು, ಅಕ್ಷರ ಬದಲಾಗದೆ ನಿನ್ನ ಬಾಯಲ್ಲಿ. ಇವಳಿಗೆ ಗೊತ್ತು, ಐದು ವರ್ಷದವಳಾಗಿದ್ದಾಗಿನಿಂದ ಗೊತ್ತು, ಅದಕ್ಕೇ ನನ್ನ ಕಸುಬು ಬಿಟ್ಟು ಹೊರಟಳು ಎಂದುಕೊಂಡೆ. ನಿನ್ನ ದನಿ ಕೇಳಿದರೆ ಫೋನ್ ಇಡುತ್ತಿದ್ದುದು ಕೋಪಕ್ಕಲ್ಲ. ಮುಖ ತೋರಿಸಲಾಗದೆ.

ಈಗ ಕೇಳು. ಆಚೆಯಿಂದ ಈಚೆಗೆ ಉದ್ದ ಬೋಲ್ಟ್ ತೂರಿಸಿ, ಎರಡೂ ಕಡೆ ಪ್ಲೇಟ್ ಕೊಟ್ಟು ಬಿಗಿದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಬಿಗಿದಷ್ಟೂ ಮಣ್ಣು ಕುಸಿಯುತ್ತದೆ, ಇಂದಲ್ಲ ನಾಳೆ ಯಾವುದೋ ಮಗುವಿನ ಭಾರಕ್ಕೆ ಗೋಡೆ ಬಾಯಿ ಬಿಡುತ್ತದೆ. ಆ ದಾರಿ ಬೇಡ. ದೊಡ್ಡ ಟೀಚರಿಗೂ ಆ ಪೆನ್ನಿನವನಿಗೂ ಎಲ್ಲವನ್ನೂ ಹೇಳು. ಗುತ್ತಿಗೆದಾರನ ಹೆಸರು ಬೇಡ, ಅವನು ಕರಣೆ ಹಿಡಿದವನಲ್ಲ. ನನ್ನ ಹೆಸರೇ ಹೇಳು.

ಒಂಬತ್ತು ಅಡಿ ನನ್ನ ತಪ್ಪು. ಉಳಿದ ನೂರ ಹನ್ನೊಂದು ಅಡಿಯ ಬಗ್ಗೆ ಯಾರಾದರೂ ತುಟಿ ಬಿಚ್ಚಿದರೆ ನಾನೇ ಬರುತ್ತೇನೆ.

ಅಪ್ಪ

ಮಾರ್ಚ್ ೧೨

ಅಪ್ಪಾ,

ನೀನು ಎಂಥ ದಡ್ಡ.

ನನಗೆ ಆ ದಿನ ನೆನಪೇ ಇಲ್ಲ. ದಾರ ಹಿಡಿದು, ಗುಂಡು ತಿರುಗಬಾರದೆಂದು ಉಸಿರು ಬಿಗಿಹಿಡಿದು ನಿಂತದ್ದು ಮಾತ್ರ ನೆನಪಿದೆ. ಅದು ಯಾವ ಗೋಡೆಯೋ ಯಾವ ದಿನವೋ ತಿಳಿಯದು. ಆ ಮಾತು ಅವನಿಂದಲೇ ನನ್ನ ಕಿವಿಗೆ ಬಿದ್ದು ಉಳಿದಿತ್ತೋ ಏನೋ, ಅದನ್ನೂ ಆಣೆ ಮಾಡಿ ಹೇಳಲಾರೆ. ಆದರೆ ನಾನು ಅಂದದ್ದರ ಅರ್ಥ ಬೇರೆ. ನೀನು ಕೂದಲೆಳೆ ತಪ್ಪದ ಹಾಗೆ ಕಟ್ಟುತ್ತಿದ್ದೆ, ಸಂಜೆಯ ಹೊತ್ತಿಗೆ ಪ್ಲಾಸ್ಟರಿನವರು ಬಂದು ಎಲ್ಲವನ್ನೂ ಮುಚ್ಚುತ್ತಿದ್ದರು. ನಿನ್ನನ್ನು ಯಾರೂ ಒಂದು ಸಲವೂ ಹೊಗಳಿದ್ದು ನಾನು ನೋಡಲಿಲ್ಲ. ನನಗೆ ಹಾಗಾಗುವುದು ಬೇಡ, ನನ್ನ ಕೆಲಸ ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂದು ಕಬ್ಬಿಣಕ್ಕೆ ಹೋದೆ. ಅಷ್ಟು ಹೇಳುವ ಮೊದಲೇ ನೀನು ಎದ್ದು ಕೈ ತೊಳೆದುಬಿಟ್ಟೆ. ಮೂರು ವರ್ಷ, ಅಪ್ಪಾ. ಹೊಟ್ಟೆ ಉರಿಯುತ್ತದೆ.

ಅದಿರಲಿ. ಮೊನ್ನೆ ಎಲ್ಲರ ಎದುರಿಗೆ ಹೇಳಿದೆ, ನಿನ್ನ ಹೆಸರು ಹಿಡಿದೇ ಹೇಳಿದೆ. ಇಂಜಿನಿಯರು, ನೋಡಿದಿರಾ, ಒಂಬತ್ತು ಅಡಿ ಸುಳ್ಳಾದರೆ ಉಳಿದದ್ದನ್ನು ನಂಬುವುದು ಹೇಗೆ ಎಂದು ಕಮಿಟಿಯವರತ್ತ ತಿರುಗಿದರು. ಅವರದು ತಪ್ಪು ಮಾತೇನಲ್ಲ. ನಾನು ಚೈನ್ ಪುಲ್ಲಿಯನ್ನು ತಂದು ಅವರ ಕಾಲ ಬಳಿ ಇಟ್ಟೆ. "ಹತ್ತೊಂಬತ್ತು ಕಂಬ ನಿಂತಿವೆ. ನಿಮಗೆ ಬೇಕಾದ್ದನ್ನ ಆರಿಸ್ಕೊಳ್ಳಿ" ಅಂದೆ.

ಮಣ್ಣಿನ ಜಾಗಕ್ಕೆ ಹತ್ತಿಕೊಂಡೇ ಇದ್ದ ಕಂಬವನ್ನು ಆರಿಸಿದರು. ಜಾಣರು. ಮರದ ಬುಡಕ್ಕೆ ಪುಲ್ಲಿ ಕಟ್ಟಿ ಎಳೆಸಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಿರ್ ಎಂದು ಸದ್ದು ಬಂತು, ಗೋಡೆಯೇ ಹೋಯಿತೆಂದುಕೊಂಡೆ. ನೋಡಿದರೆ ಬಾಗುತ್ತಿದ್ದುದು ಕಂಬ. ನನ್ನ ಕಬ್ಬಿಣ, ನಾನೇ ಕತ್ತರಿಸಿ ಪ್ಲೇಟಿಗೆ ಬೆಸೆದದ್ದು, ಬಿಲ್ಲಿನ ಹಾಗೆ ಬಾಗಿತು. ನಿನ್ನ ಗೋಡೆಯಿಂದ ಒಂದು ಚಕ್ಕೆಯೂ ಉದುರಲಿಲ್ಲ. ಇಂಜಿನಿಯರು ಬಗ್ಗಿ ಬಗ್ಗಿ ನೋಡಿದರು, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು, ಸಾಕು ಎಂದರು. ನಗಬೇಡ. ಅಕ್ಕನಿಗೆ ಓದಿ ಹೇಳುವುದೂ ಬೇಡ.

ಒಂಬತ್ತು ಅಡಿಯನ್ನು ಕೆಡವಿ ಕಟ್ಟಲು ಒಪ್ಪಿಗೆ ಸಿಕ್ಕಿದೆ. ಬಾ. ನೀನು ಕುರ್ಚಿಯ ಮೇಲೆ ಕೂತು ಬೈಯುತ್ತಿರು, ನಾನು ಕಟ್ಟುತ್ತೇನೆ.

ನಿನ್ನ
ಮರಿಮೇಸ್ತ್ರಿ

ಮಾರ್ಚ್ ೧೬

ಮರಿಮೇಸ್ತ್ರಿಗೆ,

ಓದಿ ಹೇಳಿದೆ. ಅಕ್ಕನಿಗೂ, ಭಾವನಿಗೂ, ಪಕ್ಕದ ಮನೆಯವರಿಗೂ. ಕಂಬ ಬಾಗಿದ ಸಾಲನ್ನು ಎರಡು ಸಲ ಓದಿದೆ.

ಮಂಗಳವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಮಂಡಿ ಕೆಟ್ಟಿದೆ, ಹೋಗಕೂಡದು ಎಂದು ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಾಳೆ. ಅವಳೂ ನನ್ನ ಮಗಳೇ, ಆದರೆ ನಾನು ಅವಳ ಅಪ್ಪ. ಹಳೇ ಇಟ್ಟಿಗೆ ಒಡೆಯದಂತೆ ಬಿಡಿಸಿ ನೀರಿನಲ್ಲಿ ನೆನೆಹಾಕು. ನಾನು ಬರುವ ತನಕ ಗಾರೆಯನ್ನು ಯಾರೂ ಕಲಸಕೂಡದು. ಕುರ್ಚಿ ಬೇಡ.

ಅಪ್ಪ

ಏಪ್ರಿಲ್ ೩೦

ಅಪ್ಪಾ,

ನೀನು ಹೇಳಿದ ಹಾಗೆ ಇಪ್ಪತ್ತೆಂಟು ದಿನವೂ ಎರಡೂ ಹೊತ್ತು ಗೋಡೆಗೆ ನೀರು ಹಾಕಿದೆ. ಇಪ್ಪತ್ತೊಂಬತ್ತನೆಯ ದಿನ ಕೊರೆದೆ. ಪುಡಿ ಕೊನೆಯ ತನಕ ಬೆಚ್ಚಗೆ, ಕೆಂಪಗೆ ಬಂತು. ಊದಿದೆ, ಬ್ರಷ್ ಹಾಕಿದೆ, ಮತ್ತೆ ಊದಿದೆ. ಬಾಗಿದ ಕಂಬವನ್ನೂ ಬದಲಾಯಿಸಿ, ಈ ಸಲ ದಪ್ಪದ ಪೈಪು ಹಾಕಿದ್ದೇನೆ. ನಿನ್ನೆ ಅಂಗಳದ ಬೀಗ ತೆಗೆದರು. ಗೋಡೆ ಹತ್ತಿದ್ದಳಲ್ಲ, ಆ ಹುಡುಗಿ ಎಲ್ಲರಿಗಿಂತ ಮೊದಲು ಓಡಿಬಂದು ಮರದ ಪಕ್ಕದ ಕಂಬ ಹಿಡಿದು ಅಲ್ಲಾಡಿಸಿದಳು. ಅದು ಅಲುಗದಿದ್ದಕ್ಕೆ ಅವಳಿಗೆ ಬಹಳ ಬೇಸರವಾಯಿತು.

ಬಕೆಟ್ ಬೋರಲು ಹಾಕಿಕೊಂಡು ಮೂರು ದಿನ ನೀನು ಅಲ್ಲಿ ಕೂತು ಕಟ್ಟಿದ್ದನ್ನು ಮಕ್ಕಳು ಇನ್ನೂ ಮಾತಾಡುತ್ತವೆ. ಮಂಡಿ ಹಿಡಿದುಕೊಂಡು ಏಳುವಾಗ ನೀನು ಬೈದ ಬೈಗುಳಗಳನ್ನೂ ಕಲಿತಿವೆ. ದೊಡ್ಡ ಟೀಚರ್ ನನ್ನ ಮೇಲೆ ಸಿಟ್ಟಾಗಿದ್ದಾರೆ.

ಈಗ ಹೊಸ ತಕರಾರು. ಉಳಿದ ಗೋಡೆಗೆಲ್ಲ ಪ್ಲಾಸ್ಟರ್ ಇದೆ, ಈ ಒಂಬತ್ತು ಅಡಿಗೆ ಮಾತ್ರ ಇಲ್ಲ, ತೇಪೆ ಹಾಕಿದ ಹಾಗೆ ಕಾಣುತ್ತದೆ, ಒಂದು ಪದರ ಹಚ್ಚಿ ಬಿಳಿ ಬಳಿಯಬೇಕು ಎಂದು ಕಮಿಟಿಯವರು ಪಟ್ಟು ಹಿಡಿದಿದ್ದಾರೆ. ಹಚ್ಚಲು ಬಿಡಬೇಡ ಎಂದು ನೀನು ಬಸ್ಸಿನ ಕಿಟಕಿಯಿಂದ ಕೂಗಿದ್ದು ನೆನಪಿತ್ತು. "ಕಾಣ್ಲಿ ಅಂತಾನೇ ಬಿಟ್ಟಿರೋದು" ಅಂದೆ. ಅವರಿಗೆ ಅರ್ಥವಾಗಲಿಲ್ಲ. ಮುಂದಿನ ವಾರ ಆಳು ಕಳಿಸುತ್ತಾರಂತೆ. ನಾನು ಶೆಡ್ಡಿಗೆ ಬೀಗ ಹಾಕಿ ಬಂದು ಗೋಡೆಯ ಮುಂದೆ ಕೂರುತ್ತೇನೆ.

ನಿನ್ನ
ಮರಿಮೇಸ್ತ್ರಿ

ಮೇ ೬

ಮರಿಮೇಸ್ತ್ರಿಗೆ,

ಮಳೆ ಬರುವ ಮೊದಲು ಬೋಲ್ಟುಗಳ ತಲೆಗೆ ಬಣ್ಣ ಹಚ್ಚು. ಒಂದೇ ಒಂದು ತುಕ್ಕಿನ ಕಲೆ ನನ್ನ ಇಟ್ಟಿಗೆಯ ಮೇಲೆ ಇಳಿದರೂ ನಾನು ಸುಮ್ಮನಿರುವುದಿಲ್ಲ.

ಪ್ಲಾಸ್ಟರಿನವನು ಬಂದರೆ ಜಗಳವಾಡಬೇಡ, ಅವನು ಕೂಲಿಗೆ ಬಂದವನು. ಕೂರಿಸಿ ಟೀ ಕೊಡು, ಆ ಸಂದುಗಳನ್ನು ತೋರಿಸು. ಕೆಲಸ ಬಲ್ಲವನಾದರೆ ತಾನಾಗಿಯೇ ವಾಪಸು ಹೋಗುತ್ತಾನೆ. ಹೋಗದಿದ್ದರೆ ಅಡ್ಡ ನಿಂತುಕೊಂಡು ನನಗೆ ಫೋನ್ ಮಾಡು.

ಈ ಸಲ ಇಡುವುದಿಲ್ಲ.

ಅಪ್ಪ